ಒಂದೂವರೆ ವರ್ಷದ ಮಗು ಇರೋ ಮನೇಲಿ ಕ್ರಿಸ್‌ಮಸ್: ಮರ, ಗೋದಲಿ, ಕಲ್ಕಲ್, ನಡುರಾತ್ರಿ ಪೂಜೆ

ಬೆಳ್ಳಿಚುಕ್ಕಿ, ರಾಬರ್ಟ್‌ಸನ್‌ಪೇಟೆ

ಮಗೂಗೆ ಈಗ 17 ತಿಂಗಳು. ಹೋದ ಕ್ರಿಸ್‌ಮಸ್‌ಗೆ ಮಡಿಲಲ್ಲಿತ್ತು. ಈ ಸಲ ಓಡುತ್ತೆ, ಸ್ಟೂಲ್ ಎಳ್ಕೊಂಡು ಹತ್ತುತ್ತೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಇರೋದು ಒಂದೇ ಹಾಲ್. ಅದರಲ್ಲೇ ಸರ್ವೆ ಕೊಂಬೆ ನಿಲ್ಲಿಸ್ಬೇಕು, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ) ಕಟ್ಟಬೇಕು, ಸೀರಿಯಲ್ ಸೆಟ್ ಹಾಕ್ಬೇಕು. 20ನೇ ತಾರೀಖಿಂದ ಕಲ್ಕಲ್ (ಹಿಟ್ಟನ್ನ ಗೆರೆ ಮೂಡೋ ಹಾಗೆ ಒತ್ತಿ ಕರಿಯೋ ಪುಟ್ಟ ಸಿಹಿತಿಂಡಿ), ರೋಸ್ ಕುಕ್ಕೀಸ್ ಕರಿಯೋದು ಶುರು. 24ರ ರಾತ್ರಿ ಪೂಜೆಗೆ ಬೈಕಲ್ಲಿ ಹೋಗ್ಬೇಕು.

ಹಬ್ಬಾನ ಕಡಿಮೆ ಮಾಡೋ ಮನಸ್ಸಿಲ್ಲ. ಹಾಗಂತ ದಿನವಿಡೀ "ಮುಟ್ಬೇಡ, ಮುಟ್ಬೇಡ" ಅಂತ ಮಗು ಹಿಂದೆ ಓಡೋಕೂ ಮನಸ್ಸಿಲ್ಲ. ಮರ ಬೀಳದ ಹಾಗೆ ಕಟ್ಟೋದು ಹೇಗೆ? ಯಾವ ಲೈಟು ತಗೋಬೇಕು? ರಮ್ ಹಾಕಿದ ಕೇಕ್‌ನ ಚೂರು ಕೊಟ್ರೆ ಏನೂ ಆಗಲ್ಲ ಅಂತಾರೆ ಮನೆ ದೊಡ್ಡೋರು, ನಿಜವಾ? ರಾತ್ರಿ ಪೂಜೆಗೆ ಕರ್ಕೊಂಡು ಹೋಗಬಹುದಾ? ಗೊತ್ತಿರೋರು ಅಳತೆ ಸಮೇತ ಹೇಳಿ.

ತಂತಿ ಕೆಲಸ, ಬಂಗಾರಪೇಟೆ

ಮರದ ವಿಷಯದಲ್ಲಿ ಮೊದಲು ಮಗೂನ ಅಳತೆ ಇಟ್ಕೊಳ್ಳಿ. ಈ ವಯಸ್ಸಿಗೆ ಸುಮಾರು 80 ಸೆಂ.ಮೀ. ಎತ್ತರ, 10 ಕೆ.ಜಿ. ತೂಕ. ಕೈ ಎತ್ತಿದ್ರೆ ಒಂದು ಮೀಟರ್ ಮುಟ್ಟುತ್ತೆ. ಅಂದ್ರೆ ಒಂದು ಮೀಟರ್ ಕೆಳಗಿರೋ ಯಾವ ಕೊಂಬೆಗಾದ್ರೂ 10 ಕೆ.ಜಿ. ಜೋತು ಬೀಳಬಹುದು ಅಂತಲೇ ಲೆಕ್ಕ ಹಾಕಿ ಕಟ್ಟಬೇಕು.

ಸರ್ವೆ ಕೊಂಬೆ ಆದ್ರೆ 15 ಲೀಟರ್ ಬಕೆಟ್‌ನಲ್ಲಿ ನಿಲ್ಲಿಸಿ, ಕಲ್ಲು ಗಿಡಿದು ಒದ್ದೆ ಮರಳು ತುಂಬಿ. ತುಂಬಿದ ಬಕೆಟ್ 25 ಕೆ.ಜಿ. ದಾಟುತ್ತೆ, ಬುಡ ಅಲ್ಲಾಡಲ್ಲ. ಬರೀ ನೀರು ತುಂಬಿದ ಬಕೆಟ್ ಮಾತ್ರ ಇಡ್ಲೇಬೇಡಿ. ಈ ವಯಸ್ಸಿನ ಮಕ್ಕಳಿಗೆ ತಲೆ ಭಾರ. ಬಗ್ಗಿ ಮುಗ್ಗರಿಸಿದ್ರೆ ತಾವಾಗಿ ಎದ್ದು ಬರೋಕೆ ಆಗಲ್ಲ, ಗೇಣುದ್ದ ನೀರೂ ಅಪಾಯ. ಬುಡ ಭದ್ರ ಆದ್ರೆ ಸಾಲ್ದು, ತುದೀನೂ ಹಿಡಿದಿರಬೇಕು. ಮರದ ಎತ್ತರದ ಮೂರನೇ ಎರಡು ಭಾಗದಲ್ಲಿ ನೈಲಾನ್ ದಾರ ಕಟ್ಟಿ, ಕಿಟಕಿ ಕಂಬಿಗೆ ಎರಡು ಕಡೆಗೆ ಬಿಗಿಯಿರಿ. ಒಂದೇ ದಾರ ಕಟ್ಟಿದ್ರೆ ಮರ ಪಕ್ಕಕ್ಕೆ ತಿರುಗಿ ಬೀಳುತ್ತೆ. ಎರಡು ದಾರ ಬೇರೆ ಬೇರೆ ಕೋನದಲ್ಲಿದ್ರೆ ತಿರುಗಲ್ಲ. ಕಟ್ಟಿದ ಮೇಲೆ ಕೆಳಗಿನ ಕೊಂಬೆ ಹಿಡಿದು ನೀವೇ ಜೋರಾಗಿ ಎಳೆದು ನೋಡಿ. ಸರ್ವೆ ವಾರ ಹತ್ತು ದಿನಕ್ಕೆ ಒಣಗಿ ಉದುರೋಕೆ ಶುರುವಾಗುತ್ತೆ, ಒಣಗಿದ್ದು ಬೆಂಕಿ ತಾಗಿದ್ರೆ ಭಗ್ಗನೆ ಹತ್ತುತ್ತೆ. ಅದಕ್ಕೇ 18-19ಕ್ಕೆ ಮುಂಚೆ ಕೊಂಬೆ ತರಬೇಡಿ, ಹತ್ತಿರ ಮೇಣದಬತ್ತಿ ಇಡಬೇಡಿ.

ಅಂಗಡೀಲಿ ಸಿಗೋ ಬಣ್ಣದ ಗುಂಡುಗಳು ಈಗ ಹೆಚ್ಚಾಗಿ ಪ್ಲಾಸ್ಟಿಕ್‌ನವು, ಒಡೆಯಲ್ಲ ಅಂತ ನಂಬಿ ಕೆಳಗೇ ಕಟ್ತಾರೆ. ಅದರ ತಲೆ ಮೇಲಿರೋ ಟೋಪಿ ತೆಗೆದು ನೋಡಿ. ಒಳಗಿನಿಂದ ಎರಡು ಕಾಲಿನ ತಂತಿ ಸ್ಪ್ರಿಂಗ್ ಈಚೆ ಬರುತ್ತೆ, ತುದಿ ಚೂಪು. ಮಗು ಎರಡು ಸಲ ಎಳೆದ್ರೆ ಟೋಪಿ ಕೈಗೆ ಬರುತ್ತೆ, ಆಮೇಲೆ ಬಾಯಿಗೆ. ಹಾಗಾಗಿ ಒಂದು ಮೀಟರ್ ಕೆಳಗೆ ಬಟ್ಟೆ, ಫೆಲ್ಟ್, ಕಾಗದದ ಅಲಂಕಾರ ಮಾತ್ರ. ಅದನ್ನ ಮಗು ಎಳೀಲಿ, ಕಿತ್ತು ಹಾಕ್ಲಿ, ಮತ್ತೆ ಕಟ್ಟಿದ್ರಾಯ್ತು. ಕೊಕ್ಕೆ ತಂತಿ ಬದಲು ಉಲ್ಲನ್ ದಾರ ಹಾಕಿ, ದಾರ ಒಂದು ಗೇಣಿಗಿಂತ ಉದ್ದ ಬೇಡ, ಕುತ್ತಿಗೆಗೆ ಸುತ್ಕೊಳ್ಳೋಷ್ಟು ಇರಬಾರದು.

ಈಗ ಲೈಟು. ರಸ್ತೆ ಬದಿ ಸಿಗೋ ಸೀರಿಯಲ್ ಸೆಟ್‌ಗಳಲ್ಲಿ ಬಹಳಷ್ಟಕ್ಕೆ ಟ್ರಾನ್ಸ್‌ಫಾರ್ಮರ್ ಇರಲ್ಲ, 230 ವೋಲ್ಟ್ ನೇರವಾಗಿ ಆ ಕೂದಲಂಥ ತಂತಿಯಲ್ಲೇ ಹರಿಯುತ್ತೆ. ಬಲ್ಬು ಚಿಕ್ಕದು, ಕರೆಂಟೂ ಚಿಕ್ಕದು ಅಂತ ತಿಳ್ಕೊಳ್ತಾರೆ. ತಪ್ಪು. ಹಾಲುಹಲ್ಲು ಸಾಕು ಆ ಪ್ಲಾಸ್ಟಿಕ್ ಹರಿಯೋಕೆ. ಮನೇಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದ್ರೆ ತಾನಾಗೇ ಆಫ್ ಆಗೋ ಸ್ವಿಚ್) ಇದ್ರೆ ಒಳ್ಳೇದು, ಟೆಸ್ಟ್ ಗುಂಡಿ ಒತ್ತಿ ಕೆಲಸ ಮಾಡುತ್ತಾ ನೋಡ್ಕೊಳ್ಳಿ. ಆದ್ರೆ ಅದೊಂದನ್ನೇ ನಂಬಬೇಡಿ. ಕರೆಂಟು ಮೈಮೂಲಕ ನೆಲಕ್ಕೆ ಹರಿದಾಗ ಮಾತ್ರ ಅದು ಟ್ರಿಪ್ ಆಗುತ್ತೆ. ಎರಡು ತಂತೀನೂ ಒಟ್ಟಿಗೆ ಕಚ್ಚಿದಾಗ, ಒಂದು ತಂತಿಯಿಂದ ಇನ್ನೊಂದಕ್ಕೆ ಹರಿಯೋ ಕರೆಂಟು ಅದಕ್ಕೆ ಮಾಮೂಲಿ ಲೋಡ್ ಥರಾನೇ ಕಾಣುತ್ತೆ.

5 ವೋಲ್ಟ್‌ನ ಯುಎಸ್‌ಬಿ ಎಲ್‌ಇಡಿ ಸೆಟ್ ತಗೊಳ್ಳಿ. ಅಡಾಪ್ಟರ್ ಮೇಲಿನ ಪ್ಲಗ್‌ನಲ್ಲಿರಲಿ, ತಂತಿ ಗೋಡೆ ಮೇಲಿಂದ ಇಳಿದು ಮರದ ತುದಿಯಿಂದ ಶುರುವಾಗಿ ಒಂದು ಮೀಟರ್ ಹತ್ರ ಮುಗೀಲಿ. ನೆಲದ ಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಕಾಗದದ ನಕ್ಷತ್ರಕ್ಕೆ ಹಳೇ ಫಿಲಮೆಂಟ್ ಬಲ್ಬ್ ಹಾಕಬೇಡಿ, ಕಾಗದ ಸುಡುತ್ತೆ. 3 ವ್ಯಾಟ್ ಎಲ್‌ಇಡಿ ಸಾಕು.

ಬಾಟಲಿ ಬಿರಡೆ ಥರದ ಲೈಟು, ಮಿಣುಕು ಪ್ಲಾಸ್ಟಿಕ್ ದೀಪ, ಹಾಡೋ ಕಾರ್ಡು, ಇವುಗಳ ಬಗ್ಗೆ ವೈದ್ಯಕೀಯ ಗೊತ್ತಿರೋರು ಹೇಳಲಿ. ನನ್ನ ಮಾತು ಒಂದೇ: ಸ್ಕ್ರೂ ಇಲ್ಲದ ಬ್ಯಾಟರಿ ಬಾಗಿಲಿರೋದು ಯಾವುದೂ ಮನೆಯೊಳಗೆ ಬೇಡ.

ಮಕ್ಕಳ ವಾರ್ಡ್ ನರ್ಸ್, ಕೋಲಾರ

ಮೇಲಿನವರು ಹೇಳಿದ ಕೊನೇ ಸಾಲಿಂದಲೇ ಶುರು ಮಾಡ್ತೀನಿ. ಈ ಹಬ್ಬದ ಸಾಮಾನಿನಲ್ಲಿ ಹೆಚ್ಚು ಭಯಪಡಬೇಕಾದ್ದು ಗುಂಡಿ ಬ್ಯಾಟರಿ, ಅಂದ್ರೆ ನಾಣ್ಯದ ಥರ ದುಂಡಗೆ ಚಪ್ಪಟೆ ಇರೋ ಬ್ಯಾಟರಿ. ಮರ ಬಿದ್ರೆ ಸದ್ದಾಗುತ್ತೆ, ಮಗು ಅಳುತ್ತೆ, ಮನೆಯವರೆಲ್ಲ ಓಡಿ ಬರ್ತಾರೆ. ಬ್ಯಾಟರಿ ನುಂಗಿದ್ದು ಯಾರಿಗೂ ಗೊತ್ತೇ ಆಗಲ್ಲ.

ಸಿಆರ್ 2032 ಅನ್ನೋ ಬ್ಯಾಟರಿ 20 ಮಿ.ಮೀ. ಅಗಲ. ಮಗೂನ ಅನ್ನನಾಳದಲ್ಲಿ ಸಿಕ್ಕಿಕೊಳ್ಳೋಕೆ ಸರಿಯಾದ ಅಳತೆ. ಸಿಕ್ಕಿಕೊಂಡ ತಕ್ಷಣ ಒದ್ದೆ ಗೋಡೆ ಮೂಲಕ ಕರೆಂಟು ಹರಿದು, ಅಲ್ಲೇ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತೆ. ಎರಡು ಗಂಟೆಯೊಳಗೆ ಆಳವಾಗಿ ಸುಡಬಹುದು. ಲೈಟು ಉರಿಸೋಕಾಗದ ಹಳೇ ಬ್ಯಾಟರೀಲೂ ಇಷ್ಟು ಶಕ್ತಿ ಉಳಿದಿರುತ್ತೆ, ಆದ್ದರಿಂದ ತೆಗೆದದ್ದನ್ನ ಕಿಟಕಿ ಮೇಲೆ ಇಡಬೇಡಿ, ಎರಡೂ ಕಡೆ ಟೇಪ್ ಸುತ್ತಿ ಮೇಲೆತ್ತಿಡಿ. ಇದ್ದಕ್ಕಿದ್ದಂತೆ ಜೊಲ್ಲು ಸುರಿಸೋದು, ಊಟ ಬೇಡ ಅನ್ನೋದು, ಗೊಗ್ಗರು ದನಿ, ಕೆಮ್ಮು ಕಂಡು, ಮನೇಲಿ ಒಂದು ಬ್ಯಾಟರಿ ಲೆಕ್ಕಕ್ಕೆ ಸಿಗ್ತಿಲ್ಲ ಅಂದ್ರೆ ಕಾಯಬೇಡಿ. ಎಕ್ಸ್‌ರೇ ಇರೋ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನ್ ಮಾಡಿ, "ಗುಂಡಿ ಬ್ಯಾಟರಿ ನುಂಗಿರಬಹುದು" ಅಂತ ಇದೇ ಮಾತಲ್ಲಿ ಹೇಳಿ. ವಾಂತಿ ಮಾಡಿಸಬೇಡಿ, ಬೇರೆ ಏನೂ ತಿನ್ನಿಸಬೇಡಿ. ಒಂದು ವರ್ಷ ದಾಟಿದ ಮಗು, ನುಂಗೋಕೆ ಆಗ್ತಿದೆ, ನುಂಗಿ 12 ಗಂಟೆ ದಾಟಿಲ್ಲ ಅಂದ್ರೆ ದಾರೀಲಿ 10 ನಿಮಿಷಕ್ಕೊಂದ್ಸಲ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲದವರೆಗೆ. ಅದು ಬ್ಯಾಟರಿ ಸುತ್ತ ಲೇಪ ಆಗಿ ಸುಡೋದನ್ನ ನಿಧಾನ ಮಾಡುತ್ತೆ ಅಷ್ಟೇ, ಗುಣ ಮಾಡಲ್ಲ. ಜೇನು ಹುಡುಕೋಕೆ ಅಂಗಡಿಗೆ ಹೋಗಿ ಹೊತ್ತು ಕಳೀಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು.

ಗಂಟಲಿಗೆ ಸಿಗೋ ವಸ್ತುಗಳಿಗೆ ಸುಲಭ ಪರೀಕ್ಷೆ ಒಂದಿದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷೆ ಮಾಡೋ ಕೊಳವೆಯ ಬಾಯಿ 3.17 ಸೆಂ.ಮೀ. ಮನೇಲಿ ಟಾಯ್ಲೆಟ್ ರೋಲ್ ಒಳಗಿನ ರಟ್ಟಿನ ಕೊಳವೆ ಸಾಕು, ಅದು ಇನ್ನೂ ಸ್ವಲ್ಪ ಅಗಲ. ಅದರೊಳಗೆ ತೂರೋದೆಲ್ಲ ಮೇಲಕ್ಕೆ. ಹಿಮ ಅಂತ ಹರಡೋ ಹತ್ತಿ, ಒಡೆದ ಬಲೂನ್ ಚೂರು ಕೂಡ. ಬಲೂನ್ ಚೂರು ಗಂಟಲಿಗೆ ಅಂಟ್ಕೊಂಡ್ರೆ ತೆಗೆಯೋದು ಬಹಳ ಕಷ್ಟ.

ಉಸಿರು ಕಟ್ಟಿದ್ರೆ, ಮಗು ಕೆಮ್ಮುತ್ತಿರೋವರೆಗೂ ಕೆಮ್ಮೋಕೆ ಬಿಡಿ. ಸದ್ದೇ ಬರ್ತಿಲ್ಲ ಅಂದ್ರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲಮೂಳೆ ನಡುವೆ ಅಂಗೈ ಬುಡದಿಂದ ಐದು ಗುದ್ದು. ಬರಲಿಲ್ಲ ಅಂದ್ರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗೂ ಎದೆಗೂಡಿಗೂ ಮಧ್ಯೆ ಐದು ಸಲ ಒಳಕ್ಕೆ, ಮೇಲಕ್ಕೆ ಒತ್ತು. ಹೀಗೇ ಸರದಿ. ಹೊಟ್ಟೆ ಒತ್ತೋದು ಒಂದು ವರ್ಷ ತುಂಬಿದವರಿಗೆ ಮಾತ್ರ. ಕಣ್ಣಿಗೆ ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಿ ತಡಕಾಡಬೇಡಿ, ಇನ್ನೂ ಒಳಗೆ ಹೋಗುತ್ತೆ.

ರಾತ್ರಿ ಪೂಜೆ ವಿಷಯ. ಈ ವಯಸ್ಸಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. 25ರ ಬೆಳಗ್ಗೆ ಪೂಜೆ ಇದ್ದೇ ಇರುತ್ತೆ, ನನ್ನ ಕೇಳಿದ್ರೆ ಈ ಒಂದೆರಡು ವರ್ಷ ಅದಕ್ಕೇ ಹೋಗಿ. ರಾತ್ರಿಗೇ ಹೋಗಬೇಕು ಅಂದ್ರೆ ಮಧ್ಯಾಹ್ನದ ನಿದ್ದೇನ ಒಂದು ಗಂಟೆ ತಡ ಮಾಡಿ, ಆದ್ರೆ ತಪ್ಪಿಸಬೇಡಿ. ಸುಸ್ತಾದ ಮಗು ಬೇಗ ಮಲಗುತ್ತೆ ಅನ್ನೋದು ಸುಳ್ಳು, ಸುಸ್ತು ಮಿತಿ ಮೀರಿದ್ರೆ ನಿದ್ದೇನೇ ಹತ್ತಲ್ಲ. ಎಂದಿನಂತೆ ಎಂಟಕ್ಕೆ ಮಲಗಿಸಿ, ಹೋಗೋ ಬಟ್ಟೇಲೇ ಮಲಗಿಸಿ, ಹೊರಡುವಾಗ ಹಾಗೇ ಎತ್ಕೊಳ್ಳಿ. ಈ ಕಡೆ ಡಿಸೆಂಬರ್ ರಾತ್ರಿ 15 ಡಿಗ್ರಿ ಸುತ್ತ ಇಳಿಯುತ್ತೆ. ಒಂದೇ ದಪ್ಪ ಸ್ವೆಟರ್ ಬದಲು ಹತ್ತಿ ಬಟ್ಟೆ ಮೇಲೆ ಎರಡು ತೆಳು ಪದರ ಹಾಕಿ, ಚರ್ಚೊಳಗೆ ಜನರ ಬಿಸಿಗೆ ಒಂದು ತೆಗೀಬಹುದು. ಕೈಕಾಲು ತಣ್ಣಗಿರೋದು ಮಾಮೂಲಿ. ಕತ್ತಿನ ಹಿಂಭಾಗ ಮುಟ್ಟಿ ನೋಡಿ, ಬೆವರಿದ್ರೆ ಬಟ್ಟೆ ಜಾಸ್ತಿ ಅಂತ. ಪಕ್ಕದ ಬಾಗಿಲ ಹತ್ರ ಕೂತ್ಕೊಳ್ಳಿ, ಮೇಣದಬತ್ತಿ ಹಿಡಿದವರ ಮಧ್ಯೆ ಬೇಡ. ಪೂಜೆ ಮುಗಿದ ಮೇಲೆ ಹೊರಗೆ ಪಟಾಕಿ ಹೊಡೀತಾರೆ, ಅದಕ್ಕೆ ಐದು ನಿಮಿಷ ಮುಂಚೆ ಹೊರಡಿ ಅಥವಾ ಒಳಗೇ ಇರಿ.

ಬೈಕು ಬೇಡ, ಆಟೋದವರಿಗೆ ಮೊದಲೇ ಹೇಳಿಡಿ. ಬೇರೆ ದಾರಿಯೇ ಇಲ್ಲ ಅಂದ್ರೆ, 2023ರ ಫೆಬ್ರವರಿಯಿಂದ ಜಾರಿಯಲ್ಲಿರೋ ಕೇಂದ್ರದ ನಿಯಮ ನೆನಪಿರಲಿ: ನಾಲ್ಕು ವರ್ಷದೊಳಗಿನ ಮಗೂನ ಸವಾರನಿಗೆ ಬೆಲ್ಟ್ ಹಾರ್ನೆಸ್‌ನಿಂದ ಕಟ್ಟಿರಬೇಕು, ಒಂಬತ್ತು ತಿಂಗಳು ದಾಟಿದ ಮಗೂಗೆ ಅಳತೆಗೆ ಸರಿಯಾದ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ಸೆರಗಲ್ಲಿ ಸುತ್ತಿ ಮಧ್ಯೆ ಕೂರಿಸ್ಕೊಳ್ಳೋದು ಇದ್ಯಾವುದಕ್ಕೂ ಸಮ ಅಲ್ಲ.

ಒಲೆ ಮುಂದೆ, ಚಿಂತಾಮಣಿ

ಕೇಕ್ ಬಗ್ಗೆ. "ಬೇಯಿಸಿದ್ರೆ ರಮ್ ಆವಿಯಾಗಿ ಹೋಗುತ್ತೆ" ಅನ್ನೋದು ಅರ್ಧ ಮಾತ್ರ ನಿಜ. ಹಿಟ್ಟಿಗೆ ಕಲಸಿ ಒಂದು ಗಂಟೆ ಬೇಯಿಸಿದ್ರೂ ಹಾಕಿದ ಆಲ್ಕೋಹಾಲ್‌ನ ಸುಮಾರು ಕಾಲು ಭಾಗ ಉಳಿದಿರುತ್ತೆ. ಬೇಯಿಸಿದ ಮೇಲೆ ವಾರಕ್ಕೊಮ್ಮೆ ಚಮಚದಲ್ಲಿ ಸುರಿಯೋದಂತೂ ಹೆಚ್ಚುಕಮ್ಮಿ ಪೂರ್ತಿ ಹಾಗೇ ಉಳಿಯುತ್ತೆ. ಮಗೂಗೆ ಚೂರೂ ಬೇಡ. ದೊಡ್ಡೋರ ಕೇಕ್‌ಗೂ ಹಣ್ಣನ್ನ ಕಿತ್ತಳೆ ರಸದಲ್ಲಿ ನೆನೆಸಬಹುದು, ಆದ್ರೆ ಅದನ್ನ ಫ್ರಿಜ್‌ನಲ್ಲಿಟ್ಟು ಎರಡು ದಿನದೊಳಗೆ ಬಳಸಬೇಕು. ರಮ್‌ನಲ್ಲಿಟ್ಟ ಹಾಗೆ ತಿಂಗಳುಗಟ್ಟಲೆ ಇಟ್ರೆ ಹುಳಿ ಬರುತ್ತೆ.

ಎರಡು ವರ್ಷದೊಳಗೆ ಸಕ್ಕರೆ ಹಾಕಿದ ತಿಂಡಿ ಬೇಡ ಅನ್ನೋದೇ ಈಗಿನ ಸಲಹೆ. ಹಬ್ಬದ ದಿನ ಮಗು ಕೈಯಲ್ಲೂ ಒಂದು ತುಂಡು ಇರಲಿ ಅಂದ್ರೆ ಹೀಗೆ ಮಾಡಿ. ರಾಗಿ ಹಿಟ್ಟು 60 ಗ್ರಾಂ, ಗೋಧಿ ಹಿಟ್ಟು 60 ಗ್ರಾಂ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ, ಚಿಟಿಕೆ ಚಕ್ಕೆ ಪುಡಿ ಎರಡು ಸಲ ಜರಡಿ ಹಿಡೀರಿ. ಬೀಜ ತೆಗೆದ ಎಂಟು ಖರ್ಜೂರ ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಹಣ್ಣಾದ ಎರಡು ಬಾಳೆಹಣ್ಣಿನ ಜೊತೆ ನುಣ್ಣಗೆ ರುಬ್ಬಿ. ಅದಕ್ಕೆ ಒಂದು ಮೊಟ್ಟೆ, 60 ಗ್ರಾಂ ಮೊಸರು, ಮೂರು ದೊಡ್ಡ ಚಮಚ ಎಣ್ಣೆ ಕಲಸಿ, ಆಮೇಲೆ ಹಿಟ್ಟು ಸೇರಿಸಿ. ಕುಕ್ಕರ್ ತಳಕ್ಕೆ ಒಂದೂವರೆ ಬಟ್ಟಲು ಪುಡಿ ಉಪ್ಪು ಹರಡಿ, ಗ್ಯಾಸ್ಕೆಟ್, ವಿಷಲ್ ತೆಗೆದು ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡ್ ಮೇಲೆ ಪಾತ್ರೆ ಇಟ್ಟು ಸಣ್ಣ ಉರೀಲಿ 40 ನಿಮಿಷ. ಕಡ್ಡಿ ಚುಚ್ಚಿ ನೋಡಿ. ಬರೀ ರಾಗೀಲಿ ಮಾಡಿದ್ರೆ ಪುಡಿಪುಡಿ ಆಗುತ್ತೆ, ಅದರಲ್ಲಿ ಅಂಟು ಇಲ್ಲ, ಗೋಧಿ ಮತ್ತು ಮೊಟ್ಟೆ ಹಿಡಿದಿಡುತ್ತೆ. ಸಿಹಿ ಇರಲಿ ಅಂತ ಮೂರನೇ ಬಾಳೆಹಣ್ಣು ಹಾಕಿದ್ರೆ ಮಧ್ಯ ಅಂಟಂಟು, ಬೇಯಲ್ಲ. ಇಡೀ ಗೋಡಂಬಿ, ಕಡಲೆಬೀಜ ಬೇಡ, ಐದು ವರ್ಷದವರೆಗೂ ಪುಡಿ ಮಾಡಿಯೇ ಹಾಕಿ.

ಕಲ್ಕಲ್ ಮಗೂಗೆ ಕೊಡಬೇಡಿ. ಬೆರಳ ತುದಿಯಷ್ಟು ಗಾತ್ರ, ಕಲ್ಲಿನಂಥ ಗಟ್ಟಿ, ದುಂಡಗೆ. ಗಂಟಲಿಗೆ ಸಿಗೋಕೆ ಹೇಳಿ ಮಾಡಿಸಿದ ಆಕಾರ. ಡಬ್ಬ ಮೇಲಿನ ಷೆಲ್ಫಲ್ಲಿರಲಿ. ಬಂದ ನೆಂಟರು ಪ್ರೀತಿಯಿಂದ ಬಾಯಿಗಿಡ್ತಾರೆ, ಅವರಿಗೆ ಮೊದಲೇ ಹೇಳಿಬಿಡಿ.

ಕರಿಯೋ ದಿನ ಇಬ್ಬರು ಬೇಕು, ಒಬ್ಬರು ಎಣ್ಣೆಗೆ, ಒಬ್ಬರು ಮಗೂಗೆ. ಒಬ್ಬರೇ ಇದ್ರೆ ಮಗು ಮಲಗಿದಾಗ ಮಾತ್ರ. ಹಿಂದಿನ ಬರ್ನರ್, ಹಿಡಿ ಗೋಡೆ ಕಡೆಗೆ. ರೋಸ್ ಕುಕ್ಕೀಸ್ ಅಚ್ಚನ್ನ ತೊಳೆದು ಹಾಗೇ ಎಣ್ಣೆಗಿಳಿಸೋದು ದೊಡ್ಡ ತಪ್ಪು. ಅಚ್ಚಿನ ಸಂದಿಯಲ್ಲಿ ಉಳಿದ ನೀರು ಒಂದೇ ಸಲಕ್ಕೆ ಆವಿಯಾಗಿ ಎಣ್ಣೇನ ಮೇಲಕ್ಕೆ ಚಿಮ್ಮಿಸುತ್ತೆ. ಬಟ್ಟೇಲಿ ಒರೆಸಿ, ಬಿಸಿಲಲ್ಲಿ ಒಣಗಿಸಿ ಇಳಿಸಿ. ಸುಟ್ರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ, ಟೂತ್‌ಪೇಸ್ಟ್, ತುಪ್ಪ, ಶಾಯಿ ಏನೂ ಹಚ್ಚಬೇಡಿ. ಮುಖ, ಕೈ, ಅಥವಾ ಮಗೂನ ಅಂಗೈಗಿಂತ ದೊಡ್ಡ ಗಾಯ ಆದ್ರೆ ಆಸ್ಪತ್ರೆಗೆ.

ಎಲ್ಲರೂ ಕೂತು ಕಲ್ಕಲ್ ಒತ್ತುವಾಗ ಮಗು ಸುಮ್ಮನಿರಲ್ಲ, ಅದಕ್ಕೂ ಹಿಟ್ಟು ಬೇಕು. ಹಸಿ ಮೈದಾ, ಹಸಿ ಮೊಟ್ಟೆ ಇರೋ ಹಿಟ್ಟು ಬಾಯಿಗೆ ಹೋಗೋದು ಒಳ್ಳೇದಲ್ಲ. ಆರಿದ ರಾಗಿ ಮುದ್ದೇಲಿ ನಿಂಬೆಹಣ್ಣಿನಷ್ಟು ಕೊಡಿ, ಒಂದು ಮರದ ಬಾಚಣಿಗೆ ಕೊಡಿ. ಒತ್ತಲಿ, ಗೆರೆ ಮೂಡಿಸಲಿ, ತಿಂದ್ರೂ ಸಂತೋಷ.

ಬೆಳ್ಳಿಚುಕ್ಕಿ, ರಾಬರ್ಟ್‌ಸನ್‌ಪೇಟೆ

ತುಂಬಾ ಉಪಕಾರ ಆಯ್ತು. ಬಿರಡೆ ಲೈಟು ಎರಡಿತ್ತು, ತೆಗೆದು ನೋಡಿದೆ, ತಲಾ ಮೂರು ಸಣ್ಣ ಬ್ಯಾಟರಿ, ಸ್ಕ್ರೂ ಇಲ್ಲ. ಎತ್ತಿಟ್ಟಾಯ್ತು. ಇನ್ನೆರಡು ಕೇಳಬೇಕು. ಕ್ಯಾರಲ್ಸ್ ಜೊತೆ ಮುಖವಾಡ ಹಾಕ್ಕೊಂಡು ಕ್ರಿಸ್‌ಮಸ್ ತಾತ ಬರ್ತಾರೆ, ಡ್ರಮ್ಮೂ ಇರುತ್ತೆ, ಮಗು ಹೆದರದ ಹಾಗೆ ಏನು ಮಾಡೋದು? ಗೋದಲಿಗೆ ಇಲ್ಲೆಲ್ಲ ರಾಗಿ ಪೈರು ಹಾಕ್ತಾರಲ್ಲ, ಅದರಲ್ಲಿ ಮಗೂನೂ ಸೇರಿಸ್ಕೊಳ್ಳಬಹುದಾ?

ಮಕ್ಕಳ ವಾರ್ಡ್ ನರ್ಸ್, ಕೋಲಾರ

ತಾತನ ವಿಷಯ ಚಿಕ್ಕದಾಗಿ. ಈ ವಯಸ್ಸಿಗೆ ಅಪರಿಚಿತರ ಭಯ ಸಹಜ, ಅದರ ಮೇಲೆ ಅಲ್ಲಾಡದ ಪ್ಲಾಸ್ಟಿಕ್ ಮುಖ. ಡ್ರಮ್ ಸದ್ದು ಬೀದಿ ತುದೀಲಿ ಕೇಳಿದಾಗಲೇ ಎತ್ಕೊಂಡು ಹೊರಗೆ ಬಂದು ದೂರದಿಂದ ತೋರಿಸಿ. ಬಾಗಿಲು ತೆಗೆದ ಕೂಡಲೇ ಎದುರಾಗೋದು ಬೇಡ. ತಂಡದವರಿಗೆ ಹೇಳಿ, ತಾತ ಮೊಣಕಾಲೂರಿ ಕೂತು ಮುಖವಾಡ ಮೇಲೆ ಸರಿಸಲಿ. ಮಿಠಾಯಿ ನಿಮ್ಮ ಕೈಗೆ ಕೊಡಲಿ. ಫೋಟೊಗೆ ಅಂತ ಮಗೂನ ಅವರ ಕೈಗೆ ಒಪ್ಪಿಸಬೇಡಿ.

ಗೋದಲಿ ಕಟ್ಟೋರು, ಮಾಲೂರು

ರಾಗಿ ಪೈರಿಗಿಂತ ಒಳ್ಳೇ ಕೆಲಸ ಈ ವಯಸ್ಸಿನ ಮಗೂಗೆ ಹಬ್ಬದಲ್ಲಿ ಇನ್ನೊಂದಿಲ್ಲ. ದಿನಾ ಒಂದು ಸಲ ಮಾಡೋದು, ದಿನಾ ಸ್ವಲ್ಪ ಬದಲಾಗಿರೋದು ಕಣ್ಣಿಗೆ ಕಾಣುತ್ತೆ.

ಅಡುಗೆಮನೆ ರಾಗೀನೇ ಬಳಸಿ. ಬಿತ್ತನೆ ಅಂಗಡಿ ಬೀಜಕ್ಕೆ ಶಿಲೀಂಧ್ರನಾಶಕ ಲೇಪ ಇರಬಹುದು, ಬಣ್ಣ ಬಳಿದ ಹಾಗಿರುತ್ತೆ, ಮಗು ಬಾಯಿಗೆ ಹೋದ್ರೆ ಅಪಾಯ. ಡಿಸೆಂಬರ್ 11 ಅಥವಾ 12ಕ್ಕೆ ಶುರು ಮಾಡಿ. ನಮ್ಮ ಕಡೆ ಚಳಿಗೆ ಮೊಳಕೆ ನಿಧಾನ, 18ಕ್ಕೆ ಹಾಕಿದ್ರೆ ಹಬ್ಬದ ಹೊತ್ತಿಗೆ ಅರ್ಧ ಇಂಚೂ ಇರಲ್ಲ. ಊಟದ ತಟ್ಟೆ ಅಗಲದ ಟ್ರೇಗೆ ಎರಡು ದೊಡ್ಡ ಚಮಚ ರಾಗಿ ಸಾಕು. ರಾತ್ರಿ ನೆನೆಸಿ, ಬೆಳಗ್ಗೆ ಬಟ್ಟೇಲಿ ಕಟ್ಟಿ ಒಂದು ದಿನ ಬಿಡಿ. ಟ್ರೇ ತಳಕ್ಕೆ ನಾಲ್ಕು ತೂತು, ಜರಡಿ ಹಿಡಿದ ಕೆಮ್ಮಣ್ಣು ಮುಕ್ಕಾಲು ಇಂಚು. ಹತ್ತಿ ಮೇಲೆ ಬೇಡ, ಬೇಗ ಒಣಗುತ್ತೆ, ಮಗು ಕಿತ್ತು ಬಾಯಿಗೂ ಹಾಕುತ್ತೆ. ಕಾಳು ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಒದ್ದೆ ಗೋಣಿ ಮುಚ್ಚಿ ಎರಡು ದಿನ ಬಿಡಿ.

ಮೂರನೇ ದಿನ ಗೋಣಿ ತೆಗೆದಾಗ ಬೇರಿನ ಸುತ್ತ ಬಿಳೀ ನವಿರು ಕಾಣುತ್ತೆ. ಬೂಷ್ಟು ಅಂತ ಎಸೆದುಬಿಡೋರು ಎಷ್ಟೋ ಜನ. ನೀರು ಚಿಮುಕಿಸಿ ನೋಡಿ, ಮಾಯ ಆದ್ರೆ ಅದು ಬೇರುಗೂದಲು, ಒಳ್ಳೇ ಲಕ್ಷಣ. ಮಾಯ ಆಗದೆ ಜೇಡರ ಬಲೆ ಥರ ಕಾಳಿಂದ ಕಾಳಿಗೆ ಹಬ್ಬಿ, ಮುಗ್ಗಲು ವಾಸನೆ ಬಂದ್ರೆ ಬೂಷ್ಟು. ಅಷ್ಟು ಜಾಗ ಮಣ್ಣು ಸಮೇತ ಚಮಚದಲ್ಲಿ ತೆಗೆದು ನೀರು ಕಮ್ಮಿ ಮಾಡಿ. ಆಮೇಲೆ ದಿನಕ್ಕೆ ಮೂರು ನಾಲ್ಕು ಗಂಟೆ ಬಿಸಿಲು ಬೀಳೋ ಕಿಟಕಿ ಹತ್ರ ಇಡಿ. ಹಾಲ್‌ನ ಮೂಲೇಲಿಟ್ರೆ ಹಳದಿಯಾಗಿ ಉದ್ದ ಎದ್ದು 22-23ರ ಹೊತ್ತಿಗೆ ಮಲಗಿಬಿಡುತ್ತೆ.

ನೀರು ಹಾಕೋದು ಮಗು ಕೆಲಸ. ಲೋಟ ಕೊಟ್ರೆ ಒಂದೇ ಸಲ ಸುರಿದು ಕಾಳೆಲ್ಲ ಒಂದು ಮೂಲೆಗೆ ಹರಿಯುತ್ತೆ. ಕರ್ಚೀಫಿನಷ್ಟು ಬಟ್ಟೆ ನೀರಲ್ಲಿ ಅದ್ದಿ ಕೈಗೆ ಕೊಡಿ, ಟ್ರೇ ಮೇಲೆ ಹಿಂಡಲಿ. ಪುಟ್ಟ ಮುಷ್ಟಿಗೆ ಹಿಂಡೋಷ್ಟು ನೀರು ಸರಿಯಾಗಿ ಒಂದು ದಿನಕ್ಕೆ ಸಾಕಾಗುತ್ತೆ.

ರಾಬರ್ಟ್‌ಸನ್‌ಪೇಟೆ ಅಂದ್ರೆ ಕೆಜಿಎಫ್, ಕೋಲಾರ ಚಿನ್ನದ ಗಣಿ ಊರು, ಅಲ್ಲಿಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಗೋದಲಿಗೆ, ಮರದ ಬಕೆಟ್ಟಿಗೆ ನುಣುಪಾಗಿದೆ ಅಂತ ಸೈನೈಡ್ ದಿಬ್ಬದ ಪುಡಿ ತರಬೇಡಿ. ಅದು ಚಿನ್ನ ತೆಗೆದು ಬಿಟ್ಟ ಗಣಿ ತ್ಯಾಜ್ಯ, ಹಿಟ್ಟಿನಂಥ ಸಿಲಿಕಾ ಧೂಳು. ಫ್ಯಾನ್ ಹಾಕಿದ್ರೆ ಸಾಕು, ಮನೆ ತುಂಬ ಏಳುತ್ತೆ, ನೆಲದಲ್ಲಿ ಆಡೋ ಮಗು ಅದನ್ನೇ ಉಸಿರಾಡುತ್ತೆ. ತೊಳೆದ ಮರಳು ಅಥವಾ ಹೊಲದ ಮಣ್ಣು ಹಾಕಿ.

ಪಿಒಪಿ ಬೊಂಬೆಗಳ ಗೋದಲೀನ ಈ ವರ್ಷ ನೆಲದಿಂದ ಷೆಲ್ಫ್‌ಗೆ ಏರಿಸಿ. ಒಣಹುಲ್ಲು ಹಾಕಿದ್ರೆ ಬಿಸಿಯಾಗೋ ಬಲ್ಬು ಒಳಗೆ ಬೇಡ. ಬಾಲಯೇಸುವಿನ ಬೊಂಬೆ ಎಲ್ಲಕ್ಕಿಂತ ಚಿಕ್ಕದು, 24ರ ರಾತ್ರಿವರೆಗೂ ಬೇರೆ ಎತ್ತಿಟ್ಟಿರ್ತಾರೆ, ಎಲ್ಲಿಟ್ಟಿದ್ದು ಅಂತ ಒಬ್ಬರಿಗಾದ್ರೂ ನೆನಪಿರಲಿ. ನೆಲದ ಮೇಲೆ ಮಗೂಗೆ ಅಂತಲೇ ಬಟ್ಟೆಯ ಗೋದಲಿ ಮಾಡಿ: ಹಳೇ ಕಾಲುಚೀಲದೊಳಗೆ ಬಟ್ಟೆ ಚೂರು ತುಂಬಿ ಬಾಯಿ ಹೊಲೀರಿ, ಗೇಣುದ್ದ ಇರಲಿ, ಕಣ್ಣು ಮೂಗು ದಾರದಲ್ಲಿ ಹೊಲೀರಿ, ಗುಂಡಿ ಹಚ್ಚಬೇಡಿ. ದನ, ಕುರಿ, ಮರಿಯಮ್ಮ, ಜೋಸೆಫ್, ಬಾಲಯೇಸು, ಐದು ಸಾಕು. ಹೊತ್ಕೊಂಡು ತಿರುಗಲಿ, ಕುರಿ ಅಡುಗೆಮನೇಲಿ ಸಿಗುತ್ತೆ.

ಗೋದಲಿ ಬಿಚ್ಚೋದು ಜನವರಿ 6ರ ಮೂರು ರಾಯರ ಹಬ್ಬ ಆದ ಮೇಲೆ ತಾನೆ. ಅಷ್ಟು ಹೊತ್ತಿಗೆ ತೆಳು ಮಣ್ಣಲ್ಲಿ ಪೈರು ಹಳದಿಯಾಗಿರುತ್ತೆ. 30ಕ್ಕೆ ಒಮ್ಮೆ ಕತ್ತರೀಲಿ ಒಂದಿಂಚು ಬಿಟ್ಟು ಸವರಿದ್ರೆ ಮತ್ತೆ ಚಿಗುರುತ್ತೆ. ಸವರಿದ್ದನ್ನ ಬೀದಿ ಮೇಕೆಗೆ ಮಗು ಕೈಲೇ ಹಾಕಿಸಿ.